ಐಲ್ಸಾಳ ಕೈಗುಣ

ಹಿಲ್‌ಟೌನ್, ಡಂಡೀ
9 ಮಾರ್ಚ್ 2025, ಭಾನುವಾರ

ಪ್ರೀತಿಯ ಐಲ್ಸಾ,

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೇ? ಶೆಟ್‌ಲೆಂಡಿನ ಆ ಗಾಳಿಗೆ ಕಿವಿ ಮುಚ್ಚಿಕೊಳ್ಳದೆ ಓಡಾಡಬೇಡವೆಂದು ಎಷ್ಟು ಸಲ ಹೇಳಿದರೂ ನೀನು ಕೇಳುವವಳಲ್ಲ. ಊರಿಗೆಲ್ಲ ಟೋಪಿ ಹೆಣೆದುಕೊಡುವವಳು ನೀನು, ನಿನ್ನ ತಲೆ ಮಾತ್ರ ಬರಿದು. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮೆಟ್ಟಿಲು ಇಳಿಯುವಾಗ ಮಾತ್ರ ತಕರಾರು ಮಾಡುತ್ತದೆ, ಹತ್ತುವಾಗ ಸುಮ್ಮನಿರುತ್ತದೆ. ಅಪ್ಪನ ರಕ್ತದೊತ್ತಡ ಹತೋಟಿಯಲ್ಲಿದೆಯಂತೆ. ಡಾಕ್ಟರು ಆ ಮಾತು ಹೇಳಿದ ದಿನವೇ ಬೇಕರಿಗೆ ಹೋಗಿ ಈರುಳ್ಳಿ, ಮಾಂಸ ತುಂಬಿದ ಬ್ರೈಡಿ ಎರಡು ತಿಂದು, ಮನೆಗೆ ಬಂದು ಹಸಿವಿಲ್ಲ ಎಂದರು. ಕೋಟಿನ ಮೇಲೆಲ್ಲ ಪುಡಿ ಇತ್ತು. ತೋಟದಲ್ಲಿ ಅವರ ಲೀಕ್ ಈರುಳ್ಳಿ ಈ ವರ್ಷ ನನ್ನ ಮಣಿಕಟ್ಟಿನಷ್ಟು ದಪ್ಪ ಬಂದಿವೆ, ಅದಕ್ಕೇ ಕಾಲು ನೆಲದ ಮೇಲಿಲ್ಲ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ನಿಮ್ಮ ಹೆಣಿಗೆ ಸಂಘಕ್ಕೆ ಕಂಪ್ಯೂಟರಿನಿಂದ ನಡೆಯುವ ಹೊಸ ಯಂತ್ರ ಬರುವುದೂ, ಅದರ ಜವಾಬ್ದಾರಿಯನ್ನು ನೀನೇ ವಹಿಸಿಕೋ ಎಂದು ಎಲ್ಲರೂ ಒತ್ತಾಯ ಮಾಡಿದ್ದೂ ಓದಿ ನನಗೆ ಹೇಳಲಾರದಷ್ಟು ಸಂತೋಷವಾಯಿತು. ಮುಂದಿನ ಸಾಲಿಗೆ ಬಂದಾಗ ಆ ಸಂತೋಷ ಇಳಿದುಹೋಯಿತು. ‘ನನ್ನ ಕೈಗುಣ ನಿಂಗೇ ಗೊತ್ತಲ್ಲಮ್ಮ, ಇಪ್ಪತ್ತೊಂದನೇ ತಾರೀಕು ಮೀಟಿಂಗಲ್ಲಿ ಆಗಲ್ಲ ಅಂದ್ಬಿಡ್ತೀನಿ’ ಎಂದು ಬರೆದಿದ್ದೀಯ. ನೀನು ತಮಾಷೆಗೆ ಬರೆದಿರಬಹುದು. ನಾನು ಮಾತ್ರ ಮೂರು ಸಲ ಓದಿದೆ, ಟೀ ಆರಿ ತಣ್ಣಗಾಯಿತು.

ಈ ಕೈಗುಣದ ಮಾತು ನಮ್ಮ ಮನೆಯಲ್ಲಿ ಹೇಗೆ ಹುಟ್ಟಿತೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಎಂಬತ್ತಮೂರರ ಕ್ರಿಸ್‌ಮಸ್ಸಿಗೆ ನಿನ್ನಣ್ಣ ಗ್ರೆಗರನಿಗೆಂದು, ನಾನು ಕೆಲಸಕ್ಕಿದ್ದ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದ ಸ್ಪೆಕ್ಟ್ರಮ್ ಕಂಪ್ಯೂಟರ್ ತಂದೆವು. ನಿನಗೆ ಬೊಂಬೆ. ಎಂಬತ್ತೈದರ ಅಕ್ಟೋಬರಿನಲ್ಲಿ, ಶಾಲೆಗೆ ಆಲೂಗಡ್ಡೆ ಕೀಳುವ ರಜೆ ಕೊಟ್ಟಿದ್ದಾಗ, ಗ್ರೆಗರ್ ಫುಟ್ಬಾಲ್ ಮುಗಿಸಿ ಬಂದು ನೋಡಿದರೆ ನೀನು ಅದರ ಮುಂದೆ ಕೂತಿದ್ದೆ, ಅರ್ಧಕ್ಕರ್ಧ ಕೀ ಸತ್ತುಹೋಗಿದ್ದವು. ‘ಗುದ್ದಿ ಗುದ್ದಿ ಹಾಳು ಮಾಡಿದ್ಲು!’ ಎಂದು ಅವನು ಬೀದಿಗೆಲ್ಲ ಕೇಳುವಂತೆ ಅರಚಿದ. ನಿನಗೆ ಹನ್ನೆರಡು ವರ್ಷ. ‘ನಾನು ಮೆಲ್ಲಗೇ ಒತ್ತಿದ್ದು’ ಎಂದು ನೀನು ಅತ್ತರೂ ಯಾರೂ ನಂಬಲಿಲ್ಲ. ಅಂದಿನಿಂದ ಟೋಸ್ಟರು ಕೆಡಲಿ, ಕಾರು ನಿಲ್ಲಲಿ, ‘ಐಲ್ಸಾ ಏನಾದ್ರೂ ಮುಟ್ಟಿದ್ಲಾ?’ ಎನ್ನುವುದು ಅಪ್ಪನ ಬಾಯಲ್ಲಿ ಉಳಿದುಬಿಟ್ಟಿತು. ನೀನೂ ನಗುತ್ತಿದ್ದೆ. ಆದರೆ ನಿನ್ನ ಮದುವೆಯ ದಿನ ಕ್ಯಾಮೆರಾ ಕೆಟ್ಟಾಗ ಅದೇ ಮಾತು ಬಂದಿತಲ್ಲ, ಆಗ ನೀನು ನಗಲಿಲ್ಲ. ನಾನು ನೋಡುತ್ತಿದ್ದೆ.

ಈಗ ಸುದ್ದಿಗೆ ಬರುತ್ತೇನೆ. ಗ್ರೆಗರ್ ಚಿಕ್ಕ ಮನೆಗೆ ಹೋಗುತ್ತಿದ್ದಾನೆ, ತನಗೆ ಬೇಡದ್ದನ್ನೆಲ್ಲ ತಂದು ನಮ್ಮ ನಡುಮನೆಯಲ್ಲಿ ಸುರಿದ. ಅದರಲ್ಲಿ ಆ ಸ್ಪೆಕ್ಟ್ರಮ್ಮಿನ ಕರಿ ಪೆಟ್ಟಿಗೆಯೂ ಇತ್ತು. ‘ಎಸೆದುಬಿಡಮ್ಮ’ ಎಂದ. ನಾನು ಎಸೆಯಲಿಲ್ಲ. ನಿನ್ನ ಕಾಗದ ಬಂದ ಮೇಲಂತೂ ಅದಕ್ಕೊಂದು ಕೀಬೋರ್ಡು ಹುಡುಕಿಯೇ ತೀರಬೇಕೆಂದು ಹಟ ಹಿಡಿದೆ. ಹುಡುಕಾಟವೆಂದರೆ ಅದು! ರಬ್ಬರ್ ಕೀಗಳ ಅಡಿಯಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದರಿಂದ ಎರಡು ಪಟ್ಟಿಗಳು ಇಳಿದು ಬೋರ್ಡಿಗೆ ಸಿಕ್ಕಿಕೊಳ್ಳುತ್ತವೆ. ಸಾಯುವುದು ಯಾವಾಗಲೂ ಆ ಹಾಳೆಯೇ. ಮೊದಲು ಇಂಟರ್ನೆಟ್ಟಿನಲ್ಲಿ ಒಬ್ಬ ‘ಹಳೆಯ ದಾಸ್ತಾನು, ಕವರೇ ಒಡೆದಿಲ್ಲ’ ಎಂದು ಮಾರಿದ. ಕವರು ಒಡೆದು ಪಟ್ಟಿಯನ್ನು ಒಂದಿಷ್ಟು ಬಗ್ಗಿಸಿದೆ, ಹಪ್ಪಳದಂತೆ ಮುರಿಯಿತು. ನಲವತ್ತು ವರ್ಷ ಕವರಿನೊಳಗಿದ್ದರೆ ಯೌವನ ಉಳಿಯುತ್ತದೆಂದು ನಂಬಿದ ನನಗೇ ಬುದ್ಧಿ ಇರಲಿಲ್ಲ. ಆಮೇಲೆ ಆರ್‌ಬ್ರೋತ್‌ನಲ್ಲಿ ಒಬ್ಬರ ಹತ್ತಿರ ಇದೆಯೆಂದು ಗೊತ್ತಾಗಿ ಅಪ್ಪನನ್ನು ಎಳೆದುಕೊಂಡು ಹೋದೆ. ಅಲ್ಲಿದ್ದದ್ದು ಗಟ್ಟಿ ಕೀಗಳ ಬೇರೆ ಮಾದರಿ, ನಮ್ಮದರ ಮೇಲೆ ಕೂರುವುದೇ ಇಲ್ಲ. ಅಪ್ಪನಿಗೆ ಬೇಸರವಿಲ್ಲ, ಸುಟ್ಟ ಹ್ಯಾಡಕ್ ಮೀನು ಕಟ್ಟಿಸಿಕೊಂಡು ಖುಷಿಯಾಗಿ ಬಸ್ಸು ಹತ್ತಿದರು.

ಕೊನೆಗೆ ದಾರಿ ತೋರಿಸಿದವರು ಗೌರ್ಲೇ. ಲೋಕಿ ಬಡಾವಣೆಯ ಚರ್ಚ್ ಹಾಲಿನಲ್ಲಿ ಶನಿವಾರ ಶನಿವಾರ ಹಳೆಯ ಕಂಪ್ಯೂಟರ್ ರಿಪೇರಿ ಮಾಡುವ ಒಂದು ಗುಂಪಿದೆ, ಅದರ ಯಜಮಾನರು. ಮೊದಲು ಬಸ್ ಮೆಕ್ಯಾನಿಕ್ ಆಗಿದ್ದರಂತೆ, ಕೈ ಇನ್ನೂ ಬಸ್ಸಿನ ಅಳತೆಯಲ್ಲೇ ಇವೆ. ‘ಹಳೇದು ಹುಡುಕ್ತಾ ಸಾಯ್ಬೇಡ್ರೀ ಡೇವಿನಾ, ಹೊಸದಾಗಿ ಮಾಡೋರಿದ್ದಾರೆ’ ಎಂದರು. ಪೋಲೆಂಡಿನಲ್ಲಿ ಗಂಡ ಹೆಂಡತಿ ಇಬ್ಬರು ಈ ಹಾಳೆಗಳನ್ನು ಹೊಸದಾಗಿ ಅಚ್ಚುಹಾಕಿ, ಕೇಳಿದವರಿಗೆ ಸರದಿಯ ಮೇಲೆ ಕಳಿಸುತ್ತಾರಂತೆ. ಗೌರ್ಲೇ ತಮ್ಮ ಸರದಿಯನ್ನೇ ನನಗೆ ಬಿಟ್ಟುಕೊಟ್ಟರು. ಬುಧವಾರ ಅಂಚೆಯಲ್ಲಿ ಬಂತು.

ನಿನ್ನೆ ಪೆಟ್ಟಿಗೆಯನ್ನು ಹಾಲಿಗೆ ಹೊತ್ತುಕೊಂಡು ಹೋದೆ. ಗೌರ್ಲೇ ಹಿಂಬದಿಯ ಐದು ತಿರುಪು ಬಿಚ್ಚಿ, ಕೀಗಳಿರುವ ಹಳೆಯ ರಬ್ಬರ್ ಚಾಪೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ‘ಇದನ್ನ ಬಳಸ್ತಿದ್ದೋರು ಯಾರು?’ ಎಂದು ಕೇಳಿದರು. ನನ್ನ ಮಗ, ಆಟ ಆಡುತ್ತಿದ್ದ ಎಂದೆ. ‘ಆಟ ಆಡೋರಿಗೆ ನಾಲ್ಕೈದು ಕೀ ಸವೆಯುತ್ತೆ ಅಷ್ಟೇ. ಇಲ್ನೋಡಿ, ಎಲ್ಲಾ ಅಕ್ಷರಾನೂ ಸವೆದಿದೆ, ಅಂಕಿ ಸಮೇತ. ಯಾರೋ ಕೂತು ಪ್ರೋಗ್ರಾಂ ಬರೆದಿದ್ದಾರೆ ಕಣ್ರೀ, ಅದೂ ದಿನಾ’ ಎಂದರು. ಗ್ರೆಗರ್ ಫುಟ್ಬಾಲಿಗೆ ಹೋದ ಸಂಜೆಗಳೆಲ್ಲ ನೀನು ಅಲ್ಲಿ ಕೂತಿರುತ್ತಿದ್ದೆಯಲ್ಲವೇ? ಏನು ಬರೆಯುತ್ತಿದ್ದೆ ಮಗಳೇ? ನಾನು ಒಂದು ದಿನವೂ ಕೇಳಲಿಲ್ಲ. ಆ ಸವೆದ ಚಾಪೆಯನ್ನು ಬದಲಿಸಲು ಬಿಡಲಿಲ್ಲ, ಅದರ ಕೆಳಗೆ ಹಾಳೆ ಮಾತ್ರ ಹೊಸದು. ಗೌರ್ಲೇ ಹರಿದ ಪಟ್ಟಿಯನ್ನೂ ತಿರುಗಿಸಿ ನೋಡಿದರು. ‘ಇದು ವಯಸ್ಸಾಗಿ ಹೋಗಿದ್ದಲ್ಲ. ಇದನ್ನ ಯಾರೋ ಎಳೆದಿದ್ದಾರೆ’ ಎಂದರು. ನಿಮಗೆ ಇನ್ನೊಂದು ಕಪ್ ಟೀ ತರಲೇ ಎಂದು ಕೇಳಿ ನಾನು ಎದ್ದುಹೋದೆ.

ವಾಪಸು ಬಂದರೆ ಅವರು ಚಿಮುಟ ಹಿಡಿದು ಹೊಸ ಪಟ್ಟಿಯನ್ನು ಕೂರಿಸಲು ಒದ್ದಾಡುತ್ತಿದ್ದರು. ‘ಸರೀರೀ ಅತ್ಲಾಗೆ’ ಎಂದು ನಾನೇ ಕೂತೆ. ಕಾರ್ಖಾನೆಯಲ್ಲಿ ಪಾಳಿಗೆ ನೂರಾರರಂತೆ ಇದೇ ಪಟ್ಟಿಗಳನ್ನು ಕೂರಿಸಿದ ಕೈ ಇದು. ಕನ್ನಡಕ ಬೇಕಾಗಲಿಲ್ಲ. ಎರಡೂ ಪಟ್ಟಿ ಒಂದೇ ಸಲಕ್ಕೆ ಕಟಕ್ಕೆಂದು ಕೂತವು. ಹಾಲಿನಲ್ಲಿದ್ದ ಗಂಡಸರೆಲ್ಲ ಚಪ್ಪಾಳೆ ತಟ್ಟಿದರು, ನಾನೂ ಸ್ವಲ್ಪ ಬೀಗಿದೆ ಎಂದಿಟ್ಟುಕೋ. ನಲವತ್ತು ಕೀಗಳನ್ನೂ ಗೌರ್ಲೇ ಒಂದೊಂದಾಗಿ ಒತ್ತಿ ನೋಡಿದರು, ನಲವತ್ತೂ ಕೆಲಸ ಮಾಡಿದವು. ಈಗ ಅದು ಕಿಟಕಿಯ ಪಕ್ಕದ ಮೇಜಿನ ಮೇಲಿದೆ. ನೀನು ಈಸ್ಟರಿಗೆ ಬಂದಾಗ ಅದರ ಮುಂದೆ ಕೂರಬೇಕು. ಆಗಲ್ಲಮ್ಮ ಅನ್ನಬೇಡ.

ನಿನ್ನ ಗಂಡನಿಗೆ, ಮಕ್ಕಳಿಗೆ ನಮ್ಮಿಬ್ಬರ ಅಕ್ಕರೆ ತಿಳಿಸು. ಹಾಗೇ ಅಪ್ಪ ನಿನಗಾಗಿ ಎರಡು ದೊಡ್ಡ ಲೀಕ್ ಕೀಳದೆ ನೆಲದಲ್ಲೇ ಉಳಿಸಿದ್ದಾರೆ, ಅದನ್ನು ತಪ್ಪದೆ ಬರೆ ಎಂದರು. ಗಾಳಿಗೆ ಓಡಾಡಬೇಡ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಪ್ರೀತಿಯ
ಅಮ್ಮ

ಮರೆತಿದ್ದು: ಮರೆತಿದ್ದಲ್ಲ ಐಲ್ಸಾ, ನಾಲ್ಕು ಹಾಳೆ ಬರೆದರೂ ಕೈ ಬರಲಿಲ್ಲ. ಫೋನಿನಲ್ಲಾದರೆ ಬಾಯಿಯೂ ಬರುವುದಿಲ್ಲ. ಆ ಪಟ್ಟಿಯನ್ನು ಹರಿದದ್ದು ನಾನು. ಅವತ್ತು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಈ ಪೆಟ್ಟಿಗೆ ನನ್ನ ಕೈಯಲ್ಲೇ ಹಾದುಹೋದದ್ದೋ ಎಂದು ನೋಡುವ ಚಪಲ. ನಾನು ಕೂರಿಸಿದವಕ್ಕೆಲ್ಲ ಒಳಗೆ ಒಂದು ಚುಕ್ಕೆ ಉಗುರುಬಣ್ಣ ಇಡುತ್ತಿದ್ದೆ. ತಿರುಪು ಬಿಚ್ಚಿ ಮುಚ್ಚಳ ಎತ್ತುವಾಗ ಮೆಟ್ಟಿಲ ಮೇಲೆ ನಿನ್ನ ಹೆಜ್ಜೆ ಕೇಳಿಸಿತು, ಗಾಬರಿಯಲ್ಲಿ ಎಳೆದೆ. ಚುಕ್ಕೆ ಇರಲಿಲ್ಲ, ಅದು ಬೇರೆ ಯಾರೋ ಕೂರಿಸಿದ್ದು. ನಾನು ಹಾಗೇ ಮುಚ್ಚಿ ಅಡುಗೆಮನೆಗೆ ಹೋದೆ, ನೀನು ಬಂದು ಅದರ ಮುಂದೆ ಕೂತೆ. ಆ ತಿಂಗಳು ಕಾರ್ಖಾನೆಯಲ್ಲಿ ನನ್ನನ್ನು ನಮ್ಮ ಜೋಡಣೆ ಸಾಲಿನ ಮೇಲ್ವಿಚಾರಕಿ ಮಾಡುವ ಮಾತು ನಡೆದಿತ್ತು. ಪಟ್ಟಿ ಕೂರಿಸುವ ಡೇವಿನಾ ತನ್ನ ಮನೆಯ ಪಟ್ಟಿಯನ್ನೇ ಹರಿದಳೆಂದು ನಾಲ್ಕು ಜನ ನಕ್ಕಾರೆಂದು ಸುಮ್ಮನಿದ್ದೆ. ನನ್ನ ಮರ್ಯಾದೆಗೆ ನಿನ್ನ ಕೈಯನ್ನು ಕೊಟ್ಟೆ. ಇವತ್ತು ಊಟಕ್ಕೆ ಕೂತಾಗ ಅಪ್ಪನಿಗೂ ಗ್ರೆಗರನಿಗೂ ಹೇಳಿದೆ. ಗ್ರೆಗರ್ ತಲೆಯೆತ್ತಲಿಲ್ಲ, ನಿನಗೆ ತಾನೇ ಬರೆಯುತ್ತಾನಂತೆ. ಅಪ್ಪ ಚಮಚ ಕೆಳಗಿಟ್ಟು, ‘ಹಾಗಾದ್ರೆ ನಾವು ನಲವತ್ತು ವರ್ಷ ಆಡಿಕೊಂಡಿದ್ದು ನಿನ್ನ ಕೈಗುಣಾನೇನೇ?’ ಎಂದರು. ಹೌದು ಎಂದೆ. ನಿನ್ನ ಕೈಗೆ ಯಾವ ದೋಷವೂ ಇಲ್ಲ ಮಗಳೇ, ಯಾವತ್ತೂ ಇರಲಿಲ್ಲ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡು, ಆದರೆ ಇಪ್ಪತ್ತೊಂದನೇ ತಾರೀಕು ಅವರಿಗೆ ಹೂಂ ಅನ್ನು.