ದೋಣಿಯಲ್ಲಿ ಬಂದ ಸೂಲಗಿತ್ತಿ

ಪತ್ರಿಕೆಯ ಕೋಣೆ,
ಆಗಸ್ಟ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಕಣ್ಣಿನ ಪಟ್ಟಿ ಬಿಚ್ಚಿದರೆಂದು ಫೋನಿನಲ್ಲಿ ತಮ್ಮ ಹೇಳಿದ. ನೀರು ಸುರಿಯುವುದು ನಿಂತಿತೇ? ಔಷಧದ ಹನಿಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳುತ್ತೀರೋ, ಇಲ್ಲ ಎಂದಿನಂತೆ ‘ಆಮೇಲೆ, ಆಮೇಲೆ’ಯೋ? ಈ ಪತ್ರವನ್ನು ಮಾತ್ರ ತಮ್ಮನಿಂದ ಓದಿಸಬೇಡಿ. ಅಕ್ಷರ ದಪ್ಪಗೆ ಬರೆದಿದ್ದೇನೆ, ನೀವೇ ಓದಿ.

ಎಪ್ಪತ್ತೆರಡನೆಯ ಸಂಚಿಕೆ ಒಂದು ಲೇಖನದ ದೆಸೆಯಿಂದ ನಿಂತಿದೆ. ಹೊಳೆ ದಾಟಿಸುತ್ತಿದ್ದ ಅಂಬಿಗರ ಬಗ್ಗೆ ಸಂಶೋಧಕಿಯೊಬ್ಬಳು ಬರೆದಿದ್ದಾಳೆ. ಒಳ್ಳೆಯ ಲೇಖನ. ಆದರೆ ಅದು ನಿಂತಿರುವುದೇ ನಮ್ಮ ಮೊದಲ ಸಂಚಿಕೆಯ ಸೂಲಗಿತ್ತಿಯ ಪತ್ರದ ಮೇಲೆ. ಅಜ್ಜಿಯ ಕಾಲದ ದೊಡ್ಡ ನೆರೆ ಬಂದ ದಿನ ದೋಣಿಯಲ್ಲಿ ಹೊಳೆ ದಾಟಿ ಹೋಗಿ ಹೆರಿಗೆ ಮಾಡಿಸಿದೆನೆಂದು ಆಕೆ ಮಗಳಿಗೆ ಬರೆದದ್ದು. ಅಷ್ಟು ಹಿಂದೆಯೇ ಅಲ್ಲಿ ದೋಣಿಯಿತ್ತು ಎನ್ನಲು ಬೇರೆ ಆಧಾರವಿಲ್ಲವಂತೆ. ‘ಮೇಡಂ, ಆ ಮೂಲ ಪತ್ರ ಒಂದ್ಸಲ ನೋಡ್ಬಹುದಾ?’ ಎಂದು ಕೇಳಿದ್ದಾಳೆ.

ಅಂಥ ಸೂಲಗಿತ್ತಿಯೇ ಇರಲಿಲ್ಲ ಅಪ್ಪಾ. ಅದನ್ನು ಬರೆದವಳು ನಾನು, ಹನ್ನೆರಡನೆಯ ವಯಸ್ಸಿನಲ್ಲಿ.

ನಿಮಗೆ ನೆನಪಿರಬೇಕು. ಶಾಲೆ ಬಿಟ್ಟ ಮೇಲೆ ನೀವೂ ನಿಮ್ಮ ಇಬ್ಬರು ಗೆಳೆಯರೂ ಈ ಕೋಣೆಯ ನೆಲದ ಮೇಲೆ ಹಾಳೆ ಹರಡಿಕೊಂಡು ಕೂರುತ್ತಿದ್ದಿರಿ. ರಾಜರದ್ದಲ್ಲ, ಊರಿನ ಜನರ ಚರಿತ್ರೆಗೆ ಒಂದು ಪತ್ರಿಕೆ ಬೇಕು ಎಂಬ ಹಟ. ಅಮ್ಮ ಗೋಂದು ಕಲಸಿ ವಿಳಾಸದ ಚೀಟಿ ಅಂಟಿಸುತ್ತ, ‘ಓದೋರಿಗಿಂತ ಬರೆಯೋರೇ ಜಾಸ್ತಿ ಇದ್ದೀರಲ್ಲ’ ಎಂದು ನಗುತ್ತಿದ್ದಳು. ಕೊನೆಗೆ ಒಬ್ಬರು ಲೇಖನ ಕೊಡದೆ ಕೈಕೊಟ್ಟರು. ಅಚ್ಚಿನ ಮನೆಯವರು ಬಾಗಿಲಲ್ಲೇ ನಿಂತು, ‘ಮೇಷ್ಟ್ರೇ, ಖಾಲಿ ನಾಲ್ಕು ಪುಟಕ್ಕೆ ಏನ್ ಹಾಕ್ಲಿ, ನಿಮ್ ಫೋಟೋನಾ?’ ಎಂದರು. ನೀವು ನಕ್ಕಿರಿ. ಆ ನಗುವನ್ನು ನೋಡಲಾರದೆ ನಾನು ಹಳೆಯ ದಫ್ತರದಿಂದ ಕಂದು ಹಾಳೆ ಹರಿದು, ಅಜ್ಜಿಯ ಅಕ್ಷರದಂತೆ ಗೀಚಿ, ನೀವು ಪತ್ರಿಕೆಗೆಂದು ಅಟ್ಟದಿಂದ ಇಳಿಸಿದ್ದ ಹಳೆಯ ಕಾಗದಗಳ ನಡುವೆ ಸೇರಿಸಿಟ್ಟೆ. ಮರುದಿನ ನೀವು ಅದನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದಿರಿ. ಹೇಳಬೇಕಾದ ಗಳಿಗೆ ಅದೇ. ನಾನು ಗೋಂದಿನ ಬಟ್ಟಲು ತೊಳೆಯಲು ಎದ್ದು ಹೋದೆ.

ಆಮೇಲೆ ಪತ್ರಿಕೆ ಬೆಳೆಯಿತು, ಆ ಸೂಲಗಿತ್ತಿಯೂ ಬೆಳೆದಳು. ಸಂಪಾದಕ ಮಂಡಳಿ ಬಂತು, ಲೇಖಕರ ಹೆಸರು ಮುಚ್ಚಿ ಪರಿಶೀಲನೆಗೆ ಕಳಿಸುವ ಪದ್ಧತಿ ಬಂತು, ದೂರದ ಗ್ರಂಥಾಲಯಗಳು ಚಂದಾದಾರರಾದವು. ಎಲ್ಲ ಜರಡಿಗಳಿಂದಲೂ ಅವಳು ನುಣುಚಿಕೊಂಡು ಬಂದಳು. ಇಪ್ಪತ್ತೊಂಬತ್ತು ಅಡಿಟಿಪ್ಪಣಿಗಳಲ್ಲಿದ್ದಾಳೆ. ಯಾರೋ ಅವಳ ಮನೆಯಿದ್ದ ಓಣಿಯನ್ನೂ ಗುರುತಿಸಿದರು! ಮಧ್ಯಾಹ್ನ ಕರಡು ತಿದ್ದುವಾಗ ಎದುರಿನ ಕುರ್ಚಿಯಲ್ಲಿ ಯಾರೋ ಕೂತು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿರುವಂತೆ ಅನ್ನಿಸುತ್ತದೆ. ನಾನು ತಲೆಯೆತ್ತುವುದಿಲ್ಲ. ನಾನೇ ಹಡೆದ ಅವಳು ಈಗ ನನಗಿಂತ ಹಿರಿಯಳು. ಇಷ್ಟು ವರ್ಷ ಕವಿತೆಗಳನ್ನು ಓದಿದರೂ ನಾನೊಂದು ಸಾಲು ಬರೆಯದಿರುವುದು ಅವಳ ಹೆದರಿಕೆಗೇ ಇರಬೇಕು.

ಈ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇನೆ. ಮೊದಲ ಸಂಚಿಕೆಗೆ, ನಿಮ್ಮ ಹೆಸರಿಗೆ ಮಸಿ ಹತ್ತುತ್ತದೆ ಎಂದು ಗೊತ್ತು. ತಪ್ಪು ನನ್ನದೊಬ್ಬಳದೇ ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕುತ್ತೇನೆ. ಸುಮ್ಮನಿದ್ದರೆ ಈ ಸಂಶೋಧಕಿಯೂ ಸುಳ್ಳಿನ ಮೇಲೆ ಮನೆ ಕಟ್ಟುತ್ತಾಳೆ.

ತಮ್ಮನಿಗೂ ನಾದಿನಿಗೂ ನನ್ನ ನೆನಪು ಹೇಳಿ. ಕಣ್ಣುಜ್ಜಿಕೊಳ್ಳಬೇಡಿ. ಕಾಲಿಗೆರಗಿ,

ನಿಮ್ಮ
ದೊಡ್ಡ ಮಗಳು

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಮೊದಲ ಸಂಚಿಕೆಯ ಕಟ್ಟು ಬಿಚ್ಚಿದೆ. ನನ್ನ ಕಂದು ಹಾಳೆ ಅಲ್ಲೇ ಇದೆ. ನಾನು ಬರೆದದ್ದು ‘ಸೇತುವೆ ದಾಟಿ ಓಡಿದೆ’ ಎಂದು. ಅಚ್ಚಾದದ್ದನ್ನು ನಾಚಿಕೆಯಿಂದ ವರ್ಷಗಟ್ಟಲೆ ಓದಿರಲಿಲ್ಲ, ಓದಿದಾಗ ದೋಣಿಯೂ ನನ್ನದೇ ಅಂದುಕೊಂಡೆ. ಸೇತುವೆ ಕಟ್ಟಿದ್ದು ಆ ನೆರೆಯಾದ ಎಷ್ಟೋ ವರ್ಷಗಳ ಮೇಲೆ, ಹನ್ನೆರಡು ವರ್ಷದ ನನಗೆ ಅದು ಗೊತ್ತಿರಲಿಲ್ಲ. ಆ ಮಾತನ್ನು ಹೊಡೆದು ‘ದೋಣಿಯಲ್ಲಿ ದಾಟಿದೆ’ ಎಂದು ತಿದ್ದಿದ ಪೆನ್ಸಿಲ್ ಅಕ್ಷರ ನಿಮ್ಮದು. ಮೂಲದಲ್ಲಿ ತಪ್ಪಿದ್ದರೆ ತಪ್ಪೇ ಅಚ್ಚಾಗಲಿ ಎಂದು ಎಲ್ಲರನ್ನೂ ಗದರುತ್ತಿದ್ದವರು ನೀವು. ಇದು ನಿಜವಾದ ಮೂಲವೆಂದು ನಂಬಿದ್ದರೆ ಕೈ ಹಚ್ಚುತ್ತಿದ್ದಿರಾ? ಅಪ್ಪಾ, ತಿದ್ದುಪಡಿಯ ಕೆಳಗೆ ಒಂದು ಹೆಸರು ಹಾಕಲೇ, ಎರಡೇ? ಗುರುವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಫೋನ್ ಮಾಡಿ. ತಮ್ಮನ ಕೈಯಲ್ಲಿ ಹೇಳಿಸಬೇಡಿ.