ಕಡೆಯ ಚೀಟಿ ಮೊದಲು

ಸಿಡುಕಿನ ಸಿರಿಯಾದ ನನ್ನ ದೊಡ್ಡಮ್ಮನಿಗೆ,

ನಿನ್ನೆ ಸ್ಟುಡಿಯೋಗೆ ಫೋನ್ ಮಾಡಿ ನನ್ನ ಮಾನ ಹರಾಜು ಹಾಕಿದವಳು ಆಮೇಲೆ ನನ್ನ ಫೋನು ಎತ್ತಲೇ ಇಲ್ಲ. ಅದಕ್ಕೇ ಈ ಕಾಗದ. ಹರಿಯುವ ಮೊದಲು ಒಂದು ಸಲ ಓದು. ತಪ್ಪು ನನ್ನದೇ, ಒಪ್ಪಿಕೊಂಡಿದ್ದೇನೆ. ಆದರೆ ನೀನು ಫೋನಿಟ್ಟ ಮೇಲೆ ಸ್ಟುಡಿಯೋದಲ್ಲಿ ಏನಾಯಿತೆಂದು ನಿನಗೆ ಗೊತ್ತಿಲ್ಲ.

ಮೂವತ್ತು ವರ್ಷ ನೀನು ಸಂಗೀತ ಕಾಲೇಜಿನ ಗೋಡೆಗೆ ಅಂಟಿದ್ದ ಆ ಲಾಂಡ್ರಿಯಲ್ಲಿ ನಿಂತು ವಿದ್ವಾಂಸರ ಕೋಟುಗಳಿಗೆ ಇಸ್ತ್ರಿ ಹಾಕಿದೆ. ಗೋಡೆಯಾಚೆ ಅವರು ಬಾರಿಸುತ್ತಿದ್ದರು, ಈಚೆ ನೀನು ಕಲಿಯುತ್ತಿದ್ದೆ. ಪಕ್ಕದಂಗಡಿಯ ಪಿಟೀಲು ರಿಪೇರಿಯ ತಾತ ಸ್ವರ ಬರೆಯುವುದನ್ನು ತೋರಿಸಿಕೊಟ್ಟ ಮೇಲೆ, ಲಾಂಡ್ರಿ ಚೀಟಿಗಳ ಬೆನ್ನಿಗೆ ನಿನ್ನದೇ ಸಂಗೀತ ಬರೆದೆ. ನಾನು ಚಿಕ್ಕವಳಿದ್ದಾಗ ಕೇಳಿದ್ದೆ, ಇದನ್ನ ಯಾರು ಬಾರಿಸ್ತಾರೆ ದೊಡ್ಡಮ್ಮ ಅಂತ. "ಕೋಟು ಹಾಕ್ಕೊಂಡೋರು ಕೋಟು ಹಾಕ್ಕೊಂಡೋರದ್ದನ್ನೇ ಬಾರಿಸ್ತಾರೆ ಕಣೆ" ಅಂತ ನೀನು ಅಂದಿದ್ದೆ. ಆ ಮಾತು ನನ್ನೊಳಗೆ ಕೆಂಡದ ಹಾಗೆ ಉಳಿಯಿತು. ಕಾರ್ಮಿಕ ಸಂಘಕ್ಕೆ ಸೇರಿದ್ದು, ಘೋಷಣೆ ಕೂಗಿದ್ದು, ಸರ್ಕಾರಿ ರೇಡಿಯೋದಲ್ಲಿ ಕೆಲಸ ಹಿಡಿದದ್ದು, ಎಲ್ಲಕ್ಕೂ ಅದೇ ಬೆಂಕಿ.

ನಮ್ಮ ರೇಡಿಯೋದ ಧ್ವನಿಭಂಡಾರದಲ್ಲಿ ದಾಖಲೆ ಕಾರ್ಡು ಇಲ್ಲದ ಸಂಗೀತ ಪ್ರಸಾರವಾಗುವಂತಿಲ್ಲ. ಪ್ರಸಾರವಾಗದ ಸಂಗೀತಕ್ಕೆ ಕಾರ್ಡು ಮಾಡುವಂತಿಲ್ಲ. ಈ ನಿಯಮ ಬರೆದವನ ಜಾಣತನಕ್ಕೆ ಕೈ ಮುಗಿಯಬೇಕು. ಹೀಗಾಗಿ ಜನರ ದುಡ್ಡಿನಲ್ಲಿ ನಡೆಯುವ ರೇಡಿಯೋ ಅರವತ್ತು ವರ್ಷದಿಂದ ಅದೇ ಇಪ್ಪತ್ತು ಮಂದಿ ಸತ್ತ ದೊಡ್ಡಮನುಷ್ಯರನ್ನು ತಿರುಗಿಸಿ ತಿರುಗಿಸಿ ಬಾರಿಸುತ್ತಿತ್ತು. ಹೆಂಗಸರು ರಚಿಸಲಿಲ್ಲವೇ, ಕೂಲಿಯವರು ರಚಿಸಲಿಲ್ಲವೇ ಎಂದು ಕೇಳಿದರೆ ನಿರ್ದೇಶಕರು "ಇದ್ರೆ ಕಾರ್ಡ್ ಇರ್ತಿತ್ತಲ್ಲಮ್ಮ" ಅನ್ನುತ್ತಿದ್ದರು.

ನಿನ್ನ ಸಂಗೀತ ಬಾರಿಸಿ ಎಂದು ಅರ್ಜಿ ಬರೆಯುವುದನ್ನು ನಾನು ಬಿಟ್ಟೆ. ಸಂಘದ ಒಪ್ಪಂದದ ಪ್ರಕಾರ ಹನ್ನೊಂದು ಗಂಟೆಯ ಟೀ ವಿರಾಮ ನಮ್ಮದು. ಆ ಹದಿನೈದು ನಿಮಿಷ ಯಾವ ಸಾಹೇಬನೂ ನಮಗೆ ಏನೂ ಹೇಳುವಂತಿಲ್ಲ. ನಮ್ಮ ರೇಡಿಯೋದ ಪಿಟೀಲಿನವನು, ಕೊಳಲಿನವಳು, ನಾನು, ಮೂವರೂ ನೀನು ಎಂದೋ ನನಗೆ ಕೊಟ್ಟಿದ್ದ ಚೀಟಿಗಳನ್ನು ಹಿಡಿದು ನಿರ್ದೇಶಕರ ಕೋಣೆಯ ಎದುರಿನ ಕಾರಿಡಾರಿನಲ್ಲಿ ನಿಂತೆವು. ಅವರು ಬಾರಿಸಿದರು, ನಾನು ಹಾಳೆ ತಿರುವಿದೆ. ಮೊದಲ ದಿನ ಕಸ ಗುಡಿಸುವಾಕೆ ಒಬ್ಬಳೇ ಪೊರಕೆಗೆ ಆತುಕೊಂಡು ಕೇಳಿದಳು. ನಾಲ್ಕನೆಯ ದಿನ ಟೈಪಿಸ್ಟುಗಳು ಬಂದರು. ಒಂಬತ್ತನೆಯ ದಿನ ನಿರ್ದೇಶಕರ ಡ್ರೈವರೇ ಬಂದು ನೆಲಕ್ಕೆ ಕೂತ. ಅವತ್ತು ಬಾಗಿಲು ತೆರೆಯಿತು. "ಭಾನುವಾರ ಅರ್ಧ ಗಂಟೆ, ನೇರ ಪ್ರಸಾರ, ಕಾರ್ಡ್ ಇಲ್ದೇನೇ. ಒಂದೇ ಒಂದು ತಪ್ಪಾದ್ರೂ ಈ ಕಾರ್ಯಕ್ರಮ ಅಲ್ಲಿಗೇ ಮುಗೀತು" ಅಂದರು.

ಒಂಬತ್ತು ದಿನವೂ ನಾವು ನಿನ್ನನ್ನು ತಲೆಕೆಳಗಾಗಿ ಬಾರಿಸಿದ್ದೆವು ದೊಡ್ಡಮ್ಮ. ಚೀಟಿಗಳ ಮೇಲೆ ಅಚ್ಚಾದ ನಂಬರು ನೋಡಿ ನಾನೇ ಜೋಡಿಸಿದ್ದೆ. ಕೊನೆ ಯಾಕೋ ಶುರು ಇದ್ದಂಗಿದೆ ಎಂದು ಪಿಟೀಲಿನವನು ಗೊಣಗಿದಾಗ, "ಅದೇ ಕಣಪ್ಪ ಕ್ರಾಂತಿ" ಎಂದು ಭಾಷಣ ಬೇರೆ ಬಿಗಿದಿದ್ದೆ. ಲಾಂಡ್ರಿ ಮಾಲೀಕ ಚೀಟಿ ಪುಸ್ತಕದ ಮುಂದಿನ ಹಾಳೆಗಳನ್ನು ಮಾತ್ರ ನೋಡುತ್ತಿದ್ದ, ಅದಕ್ಕೇ ನೀನು ಹಿಂದಿನಿಂದ ಚೀಟಿ ಹರಿದು ಬರೆಯುತ್ತಿದ್ದೆ ಎಂದು ನನಗೇನು ಗೊತ್ತು?

ನಿನ್ನೆ ಹನ್ನೆರಡು ನಿಮಿಷದ ಸಂಗೀತ ಮುಗಿಯುವ ಹೊತ್ತಿಗೆ ನಿನ್ನ ಫೋನು. "ಮಂಕುದಿಣ್ಣೆ, ಕಡೇ ಚೀಟಿ ಮೊದಲು ಬಾರಿಸಿ ಮೊದಲನೇದ್ರಲ್ಲಿ ಮುಗಿಸಿದೀರಲ್ಲೇ. ಕಾಲರ್‌ಗೆ ಮುಂಚೆ ಯಾರಾದ್ರೂ ಅಂಗಿ ಅಂಚು ಉಜ್ತಾರಾ?" ಅಂದು ಫೋನ್ ಕುಕ್ಕಿದೆ. ಮುಚ್ಚಿಡಬಹುದಿತ್ತು, ಕೇಳಿದವರಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಮುಚ್ಚಿಟ್ಟವರ ಮೇಲೆ ತಾನೇ ನನ್ನ ಜಗಳ? ಉದ್ಘೋಷಕನ ಮುಂದೆ ಒಂದು ಸಾಲು ಬರೆದಿಟ್ಟೆ. ಅವನು ಕಣ್ಣರಳಿಸಿದ, ಆಮೇಲೆ ಓದಿಯೇಬಿಟ್ಟ: "ರಚಿಸಿದವರು ಈಗ ಫೋನ್ ಮಾಡಿ, ನಾವು ಹಿಂದುಮುಂದಾಗಿ ಬಾರಿಸಿದೆವೆಂದು ಬೈದಿದ್ದಾರೆ. ಅವರು ಹೇಳಿದ ಹಾಗೆ ಮತ್ತೊಮ್ಮೆ ಕೇಳಿ."

ನಾನು ಇಪ್ಪತ್ಮೂರು ಚೀಟಿಗಳನ್ನು ತಿರುವಿ ಇಟ್ಟೆ. ಅವರು ಬಾರಿಸಿದರು. ಅಯ್ಯೋ ದೊಡ್ಡಮ್ಮ, ಗಂಟುಗಂಟಾಗಿದ್ದ ಬಟ್ಟೆ ಒಂದೇ ಎಳೆತಕ್ಕೆ ಹರಡಿಕೊಂಡ ಹಾಗಿತ್ತು. ಕೊಳಲಿನವಳು ಅಳುತ್ತಲೇ ಊದಿದಳು, ಒಂದು ಸ್ವರವೂ ಜಾರಲಿಲ್ಲ.

ಅಷ್ಟರಲ್ಲಿ ನಿರ್ದೇಶಕರು ಮೆಟ್ಟಿಲಿಳಿದು ಧಾವಿಸಿ ಬಂದಿದ್ದರು. ನಾನು ಸ್ಟುಡಿಯೋ ಬಾಗಿಲಿಗೆ ಅಡ್ಡ ನಿಂತೆ. ಗಾಜಿನಾಚೆಯಿಂದ ಕೊನೆಯವರೆಗೂ ಕೇಳಿ, "ತಪ್ಪಾಯ್ತು ತಾನೆ?" ಅಂದರು. "ಆಯ್ತು ಸಾರ್. ರಚಿಸಿದವಳೇ ತಿದ್ದಿದಳು. ನಿಮ್ಮ ಇಪ್ಪತ್ತು ಜನರಲ್ಲಿ ಒಬ್ಬರಾದ್ರೂ ಯಾವತ್ತಾದ್ರೂ ಫೋನ್ ಮಾಡಿದಾರಾ?" ಅಂದೆ. ಅವರ ಹಿಂದೆಯೇ ಬಂದಿದ್ದ ಡ್ರೈವರು ಕೆಮ್ಮಿದಂತೆ ನಕ್ಕ. ನಿರ್ದೇಶಕರು ಮೇಲಕ್ಕೆ ಹೋಗುತ್ತಾ, "ಆಕೆಗೆ ಕಾರ್ಡ್ ಮಾಡಿ. ಮುಂದಿನ ಭಾನುವಾರ ಏನು?" ಅಂದರು.

ಈಗ ಅದೇ ಪ್ರಶ್ನೆಯನ್ನು ನಿನಗೆ ಕೇಳುತ್ತಿದ್ದೇನೆ. ಎರಡನೆಯ ಸಲ ಕೇಳಿದ ಮೇಲೆ ನೀನು ಯಾರೊಡನೆಯೂ ಮಾತಾಡದೆ, ಇಸ್ತ್ರಿಯಾದ ಬಟ್ಟೆಗೇ ಮತ್ತೆ ಇಸ್ತ್ರಿ ಹಾಕುತ್ತಾ ಗುನುಗುತ್ತಿದ್ದೀ ಎಂದು ನಿನ್ನ ಜೊತೆಗಿರುವ ಅಕ್ಕ ಹೇಳಿದಳು. ಮಂಚದ ಕೆಳಗಿನ ಬಿಸ್ಕತ್ತು ಡಬ್ಬಿಯಲ್ಲಿ ಇನ್ನೂ ಚೀಟಿಗಳಿವೆ ಎಂದೂ ಹೇಳಿದಳು. ಅವಳಿಗೆ ಬೈಯಬೇಡ. ಡಬ್ಬಿ ತಗೊಂಡು ಭಾನುವಾರ ನೀನೇ ಬಾ. ಜೋಡಿಸುವ ಕೆಲಸಕ್ಕೆ ನಾನಿನ್ನು ಕೈ ಹಾಕುವುದಿಲ್ಲ. ಸುಕ್ಕಾದ ಬಟ್ಟೆಯಲ್ಲೇ ಬಾ. ಅವತ್ತಾದರೂ ಕೋಟಿನವರು ತಮ್ಮ ಕೋಟಿಗೆ ತಾವೇ ಇಸ್ತ್ರಿ ಹಾಕಿಕೊಂಡು ಬರಲಿ.

ಇಸ್ತ್ರಿಪೆಟ್ಟಿಗೆ ಆರಿದರೂ ನಿನ್ನ ಕೈಯ ಬಿಸಿ ಆರದಿರಲಿ.

ನಿನ್ನ ಬೈಗುಳಕ್ಕೆ ಕಿವಿ ತೆರೆದು ಕೂತಿರುವ,
ಮಂಕುದಿಣ್ಣೆ