ಲೆಸ್ಯಾಳ ಪಾಳಿ

ಸಾಸ್ಕಟೂನ್
ಜನವರಿ 19, ಭಾನುವಾರ

ಪ್ರೀತಿಯ ಅಮ್ಮ,

ಹೇಗಿದ್ದೀಯ? ಕ್ರಿಸ್‌ಮಸ್‌ಗೆ ನೀನು ಹೆಣೆದು ಕಳಿಸಿದ ಟೋಪಿ ತಲುಪಿತು ಎಂದು ಬರೆಯಲು ಇಷ್ಟು ದಿನ ಮಾಡಿದೆ. ಕ್ಷಮಿಸು. ಎಷ್ಟು ನಿದ್ದೆಗೆಟ್ಟಿದ್ದೇನೆಂದರೆ, ಬರೆದ ಅಕ್ಷರಗಳು ಕಾಗದದಿಂದ ಹಬೆಯ ಹಾಗೆ ಎದ್ದು ತೇಲುತ್ತವೆ. ಟೋಪಿ ಲೆಸ್ಯಾಳ ಕಿವಿ ಮುಚ್ಚುವಂತೆ ಸರಿಯಾಗಿ ಕೂರುತ್ತದೆ. ಹುಟ್ಟಿ ಹನ್ನೊಂದು ತಿಂಗಳಾದರೂ ನೀನು ನೋಡಿರದ ಮೊಮ್ಮಗಳ ತಲೆಗೆ ಅಳತೆ ಹೇಗೆ ಹಿಡಿದೆಯೋ.

ನಾಳೆ ಬಿಟ್ಟು ಮುಂದಿನ ಸೋಮವಾರ ನನ್ನ ಹೆರಿಗೆ ರಜೆ ಮುಗಿಯುತ್ತದೆ. ಕ್ಯಾಂಪಸ್ಸಿನ ಬಾಯ್ಲರ್ ಮನೆಗೆ ಮರಳಬೇಕು. ನಿನ್ನ ಅಳಿಯ ನೀಲ್ ದೂರದ ಗಣಿಯಲ್ಲಿದ್ದಾನೆ. ಹಗಲು ಮಗುವನ್ನು ಯಾರಿಗಾದರೂ ಒಪ್ಪಿಸಲೇಬೇಕು. ಮೂವರು ಬಂದು ಹೋದರು, ಮೂವರಲ್ಲೂ ತಪ್ಪು ಹುಡುಕಿದೆ. ಒಬ್ಬಾಕೆ ತೀರಾ ಮೆಲ್ಲಗೆ ನಡೆಯುತ್ತಾಳೆ ಎಂಬುದೂ ತಪ್ಪಾಯಿತು. "ನಿನಗೆ ಬೇಕಿರೋದು ಆಯಾ ಅಲ್ಲ, ಇನ್ನೊಬ್ಬಳು ನೀನೇ," ಎಂದು ನೀಲ್ ಫೋನಿನಲ್ಲಿ ರೇಗಿದ.

ಇದು ಕಸುಬಿನ ಚಾಳಿ, ಅಮ್ಮ. ಬಾಯ್ಲರ್ ಕಾಯುವ ನಮಗೆ ಸದ್ದು ಎಂದರೆ ನೆಮ್ಮದಿ, ಸದ್ದು ನಿಂತರೆ ಗಾಬರಿ. ಮಗು ಗಾಢವಾಗಿ ಮಲಗಿ ಮನೆ ಸುಮ್ಮನಾದರೆ ಕೆನ್ನೆ ಚಿವುಟಿ ಎಬ್ಬಿಸುತ್ತೇನೆ. ಅವಳು ಅಳುತ್ತಾಳೆ, ನನಗೆ ಹಾಯೆನಿಸುತ್ತದೆ. ಆಮೇಲೆ ಇಬ್ಬರಿಗೂ ನಿದ್ದೆಯಿಲ್ಲ.

ಗುರುವಾರ ಮಧ್ಯಾಹ್ನ ಅವಳನ್ನು ಕೂಸಿನ ಗಾಡಿಯಲ್ಲಿ ಹೊದಿಸಿಕೊಂಡು ಬಾಯ್ಲರ್ ಮನೆಗೇ ಹೋದೆ. ಲೋಕವೆಲ್ಲ ಬಿಳಿ. ನೆಲದಡಿ ಕಟ್ಟಡಗಳಿಗೆ ಬಿಸಿ ಒಯ್ಯುವ ಹಬೆಯ ಕೊಳವೆಗಳು ಹೋಗುವ ಜಾಡಿನಲ್ಲಿ ಮಾತ್ರ ಹಿಮ ಕರಗಿ, ಹುಲ್ಲಿನ ಗೆರೆಯೊಂದು ಗ್ರಂಥಾಲಯದವರೆಗೂ ಹರಿದಿತ್ತು. ಅದರ ಮೇಲೆ ಬಿಳಿ ಮೊಲಗಳು ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದವು. ಅವುಗಳ ನಡುವೆ ನಾನೂ ಒರಗಿಬಿಡೋಣ ಅನ್ನಿಸಿತು. ಎಷ್ಟು ಹೊತ್ತು ನಿಂತೆನೋ. ನೆಲದ ಬೆಚ್ಚನೆ ಉಸಿರು ಅಂಗಾಲಿನಿಂದ ಏರಿ ಬರುತ್ತಿತ್ತು, ಅಥವಾ ಹಾಗೆ ಕನಸು ಕಂಡೆ.

"ಬಾ ಬಾ, ಹೊಸ ಇಂಜಿನಿಯರಮ್ಮನ್ನ ಕರ್ಕೊಂಡ್ ಬಂದ್ಯಾ? ಹಲ್ಲು ಬಂದಿದ್ಯಾ? ಹಲ್ಲಿಲ್ದೋರಿಗೆ ಇಲ್ಲಿ ಕೆಲಸ ಇಲ್ಲ," ಎಂದರು ಒರೆಸ್ಟ್. ನನಗೆ ಕೆಲಸ ಕಲಿಸಿದವರು. ಆಮೇಲೆ ನನ್ನ ಮುಖ ನೋಡಿ, "ನೀನು ಮಾತ್ರ ಸುಟ್ಟ ವಾಷರ್ ಇದ್ದಂಗಿದ್ದೀಯ," ಎಂದರು.

ಪಾಳಿ ಬದಲಾಗುವ ಹೊತ್ತು. ಒರೆಸ್ಟ್ ಜಾಗಕ್ಕೆ ನಡೀನ್ ಬಂದಳು. ನಮ್ಮಲ್ಲಿ ಬಂದವರು ತಾವೇ ಒಂದು ಸುತ್ತು ಹಾಕಿ, ಪ್ರತಿ ಪಂಪನ್ನೂ ಕೈಯಿಂದ ಮುಟ್ಟಿ, "ನನ್ನ ಕೈಗೆ ಬಂತು" ಎನ್ನುವವರೆಗೆ ಇದ್ದವರು ಕದಲುವಂತಿಲ್ಲ. ಹಾಗೆ ಅಂದ ಮೇಲೆ ಹೊರಟವರು ತಿರುಗಿ ನೋಡುವಂತಿಲ್ಲ. ನಡೀನ್ ಸುತ್ತು ಹಾಕಿ ಬಂದು ಆ ಮಾತು ಅಂದಳು. ಒರೆಸ್ಟ್ ಊಟದ ಡಬ್ಬಿ ಎತ್ತಿಕೊಂಡರು. ನಾವು ಬಾಗಿಲಲ್ಲಿದ್ದಾಗ ಬಾಯ್ಲರಿಗೆ ನೀರೂಡುವ ಪಂಪು ತಟ್ಟನೆ ನಿಂತಿತು. ನಾನು ಗಾಡಿ ಬಿಟ್ಟು ಒಳಕ್ಕೆ ಹೊರಟೇಬಿಟ್ಟಿದ್ದೆ, ಒರೆಸ್ಟ್ ತೋಳು ಹಿಡಿದರು.

"ಅದು ಈಗ ಅವಳದು."

"ಬಾಯ್ಲರಲ್ಲಿ ನೀರು ಇಳಿದು ಸಿಡಿದ್ರೆ?"

"ಅವಳಿಗೇನು ಕಿವಿ ಇಲ್ವಾ?"

ಒಳಗೆ ಎರಡನೆಯ ಪಂಪು ಗುಂಯ್‌ಗುಟ್ಟತೊಡಗಿತು.

"ಕೈ ಮೀರಿದ್ದಿದ್ರೆ? ಎಲ್ರೂ ಅವಳನ್ನೇ ಅನ್ನಲ್ವಾ?"

"ಅಂತಾರೆ. ಆದ್ರೆ ನಾನಿದ್ದಿದ್ರೂ ನಿಲ್ತಿತ್ತು ಮಗಳೇ. ನಿಲ್ಲೋದು ಯಾರ ಪಾಳಿ ಅಂತ ಕೇಳ್ಕೊಂಡು ನಿಲ್ಲುತ್ತಾ? ನಡಿ, ಮಗೂಗೆ ಚಳಿ."

ದಾರಿಯುದ್ದಕ್ಕೂ ಹಿಮದ ಮೇಲೆ ನಿನ್ನ ಮುಖವೇ ಕಾಣುತ್ತಿತ್ತು.

ನಿನ್ನ ಮಂಡಿನೋವು ಇಳಿಯಲಿ, ನಿನ್ನ ಮನೆ ಬೆಚ್ಚಗಿರಲಿ. ದೂರದಿಂದಲೇ ನಮ್ಮಿಬ್ಬರ ತಲೆ ಸವರಿ ಹರಸು.

ನಿನ್ನ
ಡೇರಿಯಾ

ತಾ.ಕ.: ನನ್ನ ಚೊಚ್ಚಲ ಕೂಸು ದಾನಿಲ್ಕೊ ತೊಟ್ಟಿಲಲ್ಲೇ ಉಸಿರು ನಿಲ್ಲಿಸಿದ ದಿನ ಅವನನ್ನು ನಿನಗೊಪ್ಪಿಸಿ ನಾನು ಕೆಲಸದಲ್ಲಿದ್ದೆ. ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದಾಗ ನೀನು ನನ್ನ ಮುಖ ನೋಡಿದೆ. ನಾನು ಏನೂ ಅನ್ನಲಿಲ್ಲ. ನಾಲ್ಕು ವರ್ಷದಿಂದಲೂ ಅಂದಿಲ್ಲ. ನಾನಿದ್ದಿದ್ದರೂ ಅವನು ಹೋಗುತ್ತಿದ್ದ, ಅಮ್ಮ. ನನ್ನ ಕೆಲಸ ಶುರುವಾಗುವ ಮುಂಚೆ, ಶನಿವಾರವೇ ಬಾ. ಬಾಗಿಲಿಗೆ ಬೀಗ ಹಾಕಿರುವುದಿಲ್ಲ. ನಾನು ಮಲಗಿದ್ದರೆ ಎಬ್ಬಿಸಬೇಡ, ಮಗುವನ್ನು ಎತ್ತಿಕೋ.